ಲೋಕಲ್ ರೈಲಿನ ಮೇಲಿನ ತಂತಿ ಯಾಕೆ ಸೊಟ್ಟ?

ಮುಂಬೈಯ ದಾದರ್‌ನಲ್ಲಿ ಲೋಕಲ್ ಬರುವಾಗ ಎಲ್ಲರ ಕಣ್ಣೂ ಬಾಗಿಲ ಮೇಲೆ. ಕಾಲಿಡಲು ಜಾಗ ಸಿಗುತ್ತಾ ಇಲ್ವಾ ಅನ್ನೋದೇ ಚಿಂತೆ. ಹೇಗೂ ಹತ್ತಲು ಆಗೋದಿಲ್ಲ ಅನಿಸಿದ ದಿನ ಗಾಡಿಯ ಛಾವಣಿ ನೋಡಿ. ಮಡಚಿದ ಮೊಣಕೈಯಂಥ ಚೌಕಟ್ಟೊಂದು ತಂತಿಗೆ ಒತ್ತಿಕೊಂಡು ಸಾಗುತ್ತಿರುತ್ತದೆ. ಅದೇ ಪ್ಯಾಂಟೋಗ್ರಾಫ್. ಅದರ ನೆತ್ತಿಯ ಪಟ್ಟಿಯ ಮೇಲೆ ತಂತಿ ಒಂದೇ ಕಡೆ ನಿಲ್ಲುವುದಿಲ್ಲ. ಎಡಕ್ಕೆ ಜಾರುತ್ತದೆ, ಮತ್ತೆ ಬಲಕ್ಕೆ ಬರುತ್ತದೆ.

ತಂತಿ ಎಳೆದವರು ತಪ್ಪು ಮಾಡಿಲ್ಲ. ಬೇಕೆಂದೇ ಹಾಗೆ ಎಳೆದಿದ್ದಾರೆ. ಹಳಿ ನೇರವಾಗಿದ್ದರೂ ತಂತಿಯನ್ನು ಒಂದು ಕಂಬದಲ್ಲಿ ನಡುಗೆರೆಯಿಂದ ಸುಮಾರು 20 ಸೆಂಟಿಮೀಟರ್ ಎಡಕ್ಕೆ, ಮುಂದಿನ ಕಂಬದಲ್ಲಿ ಅಷ್ಟೇ ಬಲಕ್ಕೆ ಕಟ್ಟುತ್ತಾರೆ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಮೂಡಿಸಿದ ಗೀರು ನೋಡಿದ್ದೀರಲ್ವಾ? ತಂತಿ ನೆಟ್ಟಗಿದ್ದರೆ ಪ್ಯಾಂಟೋಗ್ರಾಫಿನ ಇಂಗಾಲದ ಪಟ್ಟಿಗೂ ಅದೇ ಗತಿ. ಒಂದೇ ಜಾಗದಲ್ಲಿ ಕೊರೆದು ಕೊರೆದು ಪಟ್ಟಿ ತುಂಡಾಗುತ್ತದೆ. ಓಲಾಡುವ ತಂತಿ ಪಟ್ಟಿಯನ್ನು ಉದ್ದಕ್ಕೂ ಸಮನಾಗಿ ಸವೆಸುತ್ತದೆ. ಅಂದಹಾಗೆ, ಸವೆಯಲಿ ಅಂತಲೇ ಅಲ್ಲಿ ಮೆತ್ತಗಿನ ಇಂಗಾಲ ಇಟ್ಟಿರೋದು. ಪಟ್ಟಿ ಬದಲಿಸೋದು ಸುಲಭ, ಊರುದ್ದದ ತಾಮ್ರದ ತಂತಿ ಬದಲಿಸೋದು ಯಾರಿಗೆ ಬೇಕು!

ಇನ್ನೊಂದು ತಾಪತ್ರಯ ಬಿಸಿಲು. ತಾಮ್ರ ಕಾದರೆ ಉದ್ದವಾಗುತ್ತದೆ. 750 ಮೀಟರ್ ತಂತಿ 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 38 ಸೆಂಟಿಮೀಟರ್ ಬೆಳೆಯುತ್ತದೆ. ಅಷ್ಟು ಸಡಿಲವಾದರೆ ತಂತಿ ಜೋಲುತ್ತದೆ, ಪ್ಯಾಂಟೋಗ್ರಾಫ್ ಅದಕ್ಕೆ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ ಅಲ್ಲಲ್ಲಿ ಕಂಬಕ್ಕೆ ರಾಟೆ ಕಟ್ಟಿ, ಭಾರದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ನೇತುಹಾಕಿರುತ್ತಾರೆ. ತಂತಿ ಉದ್ದವಾದಂತೆ ಭಾರ ಕೆಳಗಿಳಿದು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಕೆಳಗಿದ್ದ ಬಿಲ್ಲೆಗಳು ಜನವರಿಯ ಮುಂಜಾನೆ ಮೇಲೇರಿರುತ್ತವೆ. ಮೋಟಾರಿಲ್ಲ, ಕಂಪ್ಯೂಟರಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಈ ತಂತಿಯಲ್ಲಿ ಹರಿಯುವ ಕರೆಂಟಿಗೂ ಒಂದು ಕಥೆ ಇದೆ. ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದು ಮುಂಬೈಯಲ್ಲೇ, 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಆಗಿನದು 1500 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. 30 ಲಕ್ಷ ವ್ಯಾಟ್ ಎಳೆಯುವ ಗಾಡಿಯೊಂದನ್ನು ಊಹಿಸಿಕೊಳ್ಳಿ. 1500 ವೋಲ್ಟಿನಲ್ಲಿ ಅದಕ್ಕೆ 2000 ಆಂಪಿಯರ್ ಕರೆಂಟು ಬೇಕು. 25,000 ವೋಲ್ಟಿನಲ್ಲಾದರೆ ಬರೀ 120 ಸಾಕು. ತಂತಿ ಸುಮ್ನೆ ಬಿಸಿಯಾಗಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಆಂಪಿಯರ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಹಾಗಾಗಿ ಅದೇ ತಂತಿಯಲ್ಲಿ ನಷ್ಟ ಸುಮಾರು 280 ಪಟ್ಟು ಇಳಿಯುತ್ತದೆ. ಡಿಸಿಗೆ ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಬೇಕಿತ್ತು, ತಂತಿಯೂ ದಪ್ಪ ಇರಬೇಕಿತ್ತು. ಗಾಡಿಗಳ ಓಡಾಟ ನಿಲ್ಲಿಸದೆ 25,000 ವೋಲ್ಟ್ ಎಸಿಗೆ, ಅಂದರೆ ಮತ್ತೆ ಮತ್ತೆ ದಿಕ್ಕು ಬದಲಿಸುವ ಕರೆಂಟಿಗೆ, ಬದಲಾಗಲು ವರ್ಷಗಳೇ ಹಿಡಿದವು. ಮುಂಬೈಯ ಹಾರ್ಬರ್ ಲೈನಿನ ಕೊನೆಯ ಡಿಸಿ ಲೋಕಲ್ ಓಡಿದ್ದು 2016ರ ಏಪ್ರಿಲ್‌ನಲ್ಲಿ.

ಇದಕ್ಕೆ ತೆರುವ ಬೆಲೆ ಅಪಾಯ. 25,000 ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೆ ಕರೆಂಟೇ ಗಾಳಿಯಲ್ಲಿ ಹಾರಿ ಬಂದು ಹೊಡೆಯುತ್ತದೆ. ಗಾಡಿಯ ಛಾವಣಿ ಹತ್ತುವವರಿಗೆ ಇದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮೇಲೆ ತಂತಿಯೇ ಇಲ್ಲ. ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ ಹರಿಯುತ್ತದೆ. ಅಲ್ಲಿ ಅಪಾಯ ಇರೋದು ಕಾಲ ಬಳಿ.

ಮತ್ತೆ ದಾದರ್‌ಗೆ ಬರೋಣ. ತಂತಿಯಿಂದ ಇಳಿದ ಕರೆಂಟು ಮೋಟಾರು ತಿರುಗಿಸಿ, ಚಕ್ರ ದಾಟಿ, ಹಳಿಯ ಮೂಲಕ ಸಬ್‌ಸ್ಟೇಷನ್‌ಗೆ ಮರಳುತ್ತದೆ. ಈಗಿನ ಲೋಕಲ್‌ಗಳು ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗುತ್ತದೆ, ಹುಟ್ಟಿದ ಕರೆಂಟು ತಂತಿಗೆ ಹತ್ತುತ್ತದೆ. ನಿಮಗೆ ಜಾಗ ಕೊಡದ ಲೋಕಲ್ ನಿಲ್ಲುತ್ತಿರುವಾಗ, ಅದೇ ತಂತಿಯ ಕೆಳಗೆ ಇನ್ನೊಂದು ಲೋಕಲ್ ಆ ಕರೆಂಟಿನಿಂದ ಹೊರಡುತ್ತಿರಬಹುದು.