ಸಂಬಳವಿದ್ದ ಸ್ವಯಂಸೇವಕರು

ಅಮೆರಿಕದ ಅಂತರ್ಯುದ್ಧದ ಬಗ್ಗೆ ಕನ್ನಡದಲ್ಲಿ ಓದುವಾಗ ‘ಸ್ವಯಂಸೇವಕ ಪದಾತಿ ರೆಜಿಮೆಂಟ್’ ಎದುರಾದರೆ ಮುಂದಿನ ಸಾಲಿಗೆ ಅಳುಕುತ್ತಲೇ ಹೋಗುತ್ತೇನೆ. ಮೊನ್ನೆಯೂ ಅದೇ ಸಾಲು ಸಿಕ್ಕಿತು: ಪ್ರತಿಫಲ ಬಯಸದೆ ಹೋರಾಡಿದವರಂತೆ! 1861ರ ಆಗಸ್ಟ್‌ನಿಂದ ಒಕ್ಕೂಟದ ಪರ ಕಾದಿದ ಉತ್ತರದ ಸೈನ್ಯದ ಸಾಮಾನ್ಯ ಕಾಲಾಳಿಗೆ ತಿಂಗಳಿಗೆ 13 ಡಾಲರ್ ಸಂಬಳವಿತ್ತು. ಅವಧಿ ಮುಗಿಸಿದವನಿಗೆ 100 ಡಾಲರ್ ಇನಾಮು ಬೇರೆ.

ಎಡವಟ್ಟೆಲ್ಲ ‘ಸ್ವಯಂ’ ಎಂಬಲ್ಲಿದೆ. ಸರ್ಕಾರಿ ಸೇವೆ ಎಂದರೆ ಸಂಬಳ ಉಂಟೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಸೇವೆಗೆ ‘ಸ್ವಯಂ’ ಅಂಟಿದೊಡನೆ ಮಾತ್ರ ಸಂಬಳ ಮಾಯ! ಸ್ವಯಂ ಎಂದರೆ ತಾನಾಗಿ, ಪುಕ್ಕಟೆ ಎಂದಲ್ಲ. ಆದರೆ ಆ ಪದ ಕೇಳಿದರೆ ನಮ್ಮ ಕಣ್ಣಿಗೆ ಕಟ್ಟುವವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸೇವಾದಳದ ಹರ್ಡೀಕರರ ಕೈಕೆಳಗೆ ದುಡಿದ ತರುಣರು, ಇಲ್ಲವೇ ಜಾತ್ರೆಯಲ್ಲಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಸಾಲು ಸರಿಪಡಿಸುವವರು. ಇಂಗ್ಲಿಷಿನ ‘ವಾಲಂಟಿಯರ್’ ಬಂದ ದಾರಿ ಬೇರೆ. ಅದರ ಬೇರು ಇಚ್ಛೆ ಎಂಬರ್ಥದ ಲ್ಯಾಟಿನ್ ‘ವೊಲುಂಟಾಸ್’. 1600ರ ಆಸುಪಾಸಿನಲ್ಲಿ ಅದು ದಂಡಿನ ಮಾತಾಗಿತ್ತು: ಬಲವಂತವಿಲ್ಲದೆ ಸೈನ್ಯ ಸೇರಿದವನು. ಸಮಾಜಸೇವೆಯ ಅರ್ಥ ಹುಟ್ಟಿದ್ದು ಆಮೇಲೆ.

ಅಂತರ್ಯುದ್ಧದಲ್ಲಿ ಈ ಪದಕ್ಕೆ ಇನ್ನೊಂದು ಕೆಲಸವೂ ಇತ್ತು. ಕೇಂದ್ರ ಸರ್ಕಾರದ ಕಾಯಂ ಸೈನ್ಯ ಚಿಕ್ಕದು, ಅದಕ್ಕೆ ‘ರೆಗ್ಯುಲರ್’ ಎಂದು ಹೆಸರು. ಯುದ್ಧಕ್ಕೆಂದೇ ಒಂದೊಂದು ರಾಜ್ಯ ಕಟ್ಟಿದ್ದು ‘ವಾಲಂಟಿಯರ್’. ಪದಾತಿ ರೆಜಿಮೆಂಟಿನಲ್ಲಿ ಹತ್ತು ಕಂಪನಿ, ಅಂದರೆ ತುಕಡಿ, ಲೆಕ್ಕಕ್ಕೆ ಸುಮಾರು ಸಾವಿರ ಜನ. ಅದರ ಮುಖ್ಯಸ್ಥ ಕರ್ನಲ್‌ನನ್ನು ನೇಮಿಸುವುದು ರಾಜ್ಯದ ಗವರ್ನರ್. ಆದ್ದರಿಂದಲೇ ರೆಜಿಮೆಂಟಿನ ಹೆಸರಿನಲ್ಲಿ ಸಂಖ್ಯೆಯ ಜೊತೆ ರಾಜ್ಯವೂ ಇರುತ್ತದೆ. ನಾನಾದರೆ ‘ಸ್ವಇಚ್ಛೆಯ ಕಾಲಾಳು ರೆಜಿಮೆಂಟ್’ ಎಂದು ಬರೆಯುತ್ತೇನೆ. ತುಸು ಉದ್ದ, ನಿಜ.

ಪ್ರತಿಫಲದ ಮಾತಿಗೆ 54ನೇ ಮ್ಯಾಸಚೂಸೆಟ್ಸ್‌ಗಿಂತ ಒಳ್ಳೆಯ ಉತ್ತರವಿಲ್ಲ. ಕಪ್ಪು ಜನರ ಈ ರೆಜಿಮೆಂಟ್ 1863ರ ಮೇ 28ರಂದು ಬಾಸ್ಟನ್ ಬಿಟ್ಟಿತು. ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ಅವರ ಗಂಡುಮಕ್ಕಳಲ್ಲಿ ಇಬ್ಬರು ಇದಕ್ಕೆ ಸೇರಿದ್ದರು. ಸೇರುವಾಗ ಕೊಟ್ಟ ಮಾತು 13 ಡಾಲರ್. ಕಪ್ಪು ಜನರೆಂದು ಕೊಡಲು ಬಂದದ್ದು 10. ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಂಡು ಕೈಗೆ 7. ಒಬ್ಬರೂ ಮುಟ್ಟಲಿಲ್ಲ. ಕೊರತೆಯನ್ನು ರಾಜ್ಯವೇ ತುಂಬಿಕೊಡುತ್ತದೆ ಎಂದಾಗಲೂ ಬೇಡವೆಂದರು. ಜುಲೈ 18ರಂದು ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ನುಗ್ಗಿದ ಸುಮಾರು 600 ಮಂದಿಯಲ್ಲಿ 270ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಕರ್ನಲ್ ರಾಬರ್ಟ್ ಗೌಲ್ಡ್ ಶಾ ಅಲ್ಲೇ ಮಡಿದರು. 1864ರ ಫೆಬ್ರವರಿಯಲ್ಲಿ ಫ್ಲಾರಿಡಾದ ಒಲಸ್ಟಿ ಕಾಳಗಕ್ಕೆ ಇಳಿದಾಗ ಅವರ ಜಯಘೋಷವೇ ‘ಮ್ಯಾಸಚೂಸೆಟ್ಸ್‌ಗೆ ಜೈ, ತಿಂಗಳಿಗೆ ಏಳು ಡಾಲರಿಗೆ ಜೈ’ ಎಂಬ ಕುಟುಕು. ಸಂಬಳವಿಲ್ಲದೆ ಕಾದಾಡಿದ್ದು ನಿಜ, ಪೂರ್ತಿ ಸಂಬಳ ಬೇಕೆಂದೇ.

ಜೂನ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಣಿಯಿತು, ಅದೂ ಒಂದು ಕೊಕ್ಕೆ ಇಟ್ಟು: ಸೇರಿದ ದಿನದಿಂದ ಬಾಕಿ ಸಿಗುವುದು 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ. ಶಾ ಜಾಗಕ್ಕೆ ಬಂದಿದ್ದ ಕರ್ನಲ್ ಹ್ಯಾಲೊವೆಲ್ ಅದಕ್ಕೊಂದು ಪ್ರಮಾಣವಚನ ಹೊಸೆದರು. ಆ ದಿನ ತಾನು ಯಾರಿಗೂ ಬಿಟ್ಟಿ ದುಡಿಮೆಯ ಋಣ ತೀರಿಸಬೇಕಿರಲಿಲ್ಲ ಎಂದರೆ ಸಾಕು. ಗುಲಾಮಗಿರಿಯೇ ಅನ್ಯಾಯವೆಂದ ಮೇಲೆ ಒಡೆಯನಿಗೆ ಋಣವೆಲ್ಲಿಯದು? ಗುಲಾಮರಾಗಿದ್ದವರೂ ಅದನ್ನು ನಿಶ್ಚಿಂತೆಯಿಂದ ನುಡಿದರು. ಸೆಪ್ಟೆಂಬರ್‌ನಲ್ಲಿ ಬಾಕಿ ಬಟವಾಡೆಯಾಯಿತು.