ಕವಿಯ ಕೈ, ಮನೆಯವರ ಕೈ

ಕವಿ ತೀರಿಕೊಂಡ ಮೇಲೆ ಮನೆಯವರಲ್ಲಿ ಯಾರಾದರೊಬ್ಬರು ಕಪಾಟು ಜೋಡಿಸಲು ಕೂರುತ್ತಾರೆ. ಪ್ರೀತಿಯಿಂದಲೇ ಕೂರುತ್ತಾರೆ. ನೋಟ್‌ಬುಕ್‌ಗಳು ಒಂದು ಕಡೆ, ಬಿಡಿ ಹಾಳೆಗಳು ಇನ್ನೊಂದು ಕಡೆ, ಪತ್ರಗಳು ಮತ್ತೊಂದು ಕಡೆ, ಹರಿದದ್ದು ಕಸಕ್ಕೆ. ಹಸ್ತಪ್ರತಿಗಳ ಸಂಪಾದನೆಯನ್ನೇ ವೃತ್ತಿಯಾಗಿಸಿಕೊಂಡ ನಾನು ಇಂಥ ಕುಟುಂಬಗಳಿಗೆ ಮೊದಲು ಹೇಳುವ ಮಾತು ಒಂದೇ: ಜೋಡಿಸಬೇಡಿ. ಎಲ್ಲವೂ ಇದ್ದಲ್ಲಿಯೇ ಇರುವಾಗ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವ ಹಾಳೆ ಯಾವ ಪುಸ್ತಕದ ನಡುವೆ ಇತ್ತು, ಯಾವ ಕರಡು ಯಾವ ಲಕೋಟೆಯಲ್ಲಿತ್ತು ಎಂಬುದು ಒಮ್ಮೆ ಕದಡಿದರೆ ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಕವಿತೆ ಯಾವಾಗ ಹುಟ್ಟಿತು, ಯಾವುದರ ಜೊತೆ ಹುಟ್ಟಿತು ಎಂಬುದಕ್ಕೆ ಎಷ್ಟೋ ಸಲ ಉಳಿದಿರುವ ಸಾಕ್ಷಿ ಆ ಜಾಗವೊಂದೇ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಮೇಜಿಗೆ ಬಂದ ಒಂದು ಕಟ್ಟಿನಲ್ಲಿ ಅಚ್ಚಾದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದ ಕವಿತೆಯಿತ್ತು. ಮನೆಯವರು ಕವಿತೆಯಿದ್ದ ಬದಿಯನ್ನಷ್ಟೇ ಸ್ಕ್ಯಾನ್ ಮಾಡಿದ್ದರು. ಆದರೆ ಆ ಕವಿತೆಯ ಕಾಲ ತಿಳಿಯಲು ಬೇಕಾದದ್ದು ಇನ್ನೊಂದು ಬದಿ. ಅಲ್ಲಿ ದಿನಾಂಕ ಅಚ್ಚಾಗಿತ್ತು. ಆ ಪತ್ರಿಕೆ ಮುದ್ರಣವಾಗುವ ಮೊದಲು ಅದರ ಬೆನ್ನ ಮೇಲೆ ಯಾರೂ ಬರೆದಿರಲು ಸಾಧ್ಯವಿಲ್ಲ. ಕವಿತೆಯ ಮೊದಲ ರೂಪ ನೀಲಿ ಶಾಯಿಯಲ್ಲಿತ್ತು. ಅದರ ಮೇಲೆ ಪೆನ್ಸಿಲಿನ ತಿದ್ದುಪಡಿಗಳು, ಅಕ್ಷರ ದೊಡ್ಡದು, ಸಾಲು ಬಲಕ್ಕೆ ಇಳಿಜಾರು. ಕವಿಯ ಮಗಳು ನೋಡಿದವರೇ ಹೇಳಿದರು: ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಅಪ್ಪ ಪೆನ್ನು ಬಿಟ್ಟು ದಪ್ಪ ಪೆನ್ಸಿಲ್ ಹಿಡಿದರು. ಆ ಒಂದು ಮಾತಿನಿಂದ ಇಡೀ ಕಟ್ಟಿನಲ್ಲಿದ್ದ ಪೆನ್ಸಿಲಿನ ತಿದ್ದುಪಡಿಗಳೆಲ್ಲ ಕೊನೆಯ ವರ್ಷಗಳವು ಎಂದು ಗೊತ್ತಾಯಿತು. ಯಾವ ವಿದ್ವಾಂಸನೂ ಗ್ರಂಥಾಲಯದಲ್ಲಿ ಕುಳಿತು ಇದನ್ನು ಕಂಡುಹಿಡಿಯಲಾರ. ಬಂಧುವಿನ ನಿಜವಾದ ಬಂಡವಾಳ ಇದು. ಆದ್ದರಿಂದ ಗೊತ್ತಿರುವುದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿಡಿ: ಹೇಳಿದವರು ಯಾರು, ಕಣ್ಣಾರೆ ಕಂಡದ್ದೋ ಕೇಳಿದ್ದೋ, ಬರೆದ ದಿನಾಂಕ. ಮೂಲ ಹಾಳೆಯ ಮೇಲೆ ಮಾತ್ರ ಏನನ್ನೂ ಬರೆಯಬೇಡಿ.

ಕಾಗದದ ಆರೈಕೆ ಕಷ್ಟದ್ದಲ್ಲ. ತುಕ್ಕು ಹಿಡಿಯುವ ಪಿನ್ನು, ಕ್ಲಿಪ್ಪುಗಳನ್ನು ಮೆಲ್ಲಗೆ ತೆಗೆಯಿರಿ. ಹರಿದಲ್ಲಿ ಸೆಲೋಟೇಪ್ ಬೇಡ, ಅದರ ಅಂಟು ಕಾಲಕ್ರಮೇಣ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಖಂಡಿತ ಬೇಡ, ಅದನ್ನು ಹಾನಿಯಿಲ್ಲದೆ ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆಮ್ಲರಹಿತ ಕಾಗದದ ಪೆಟ್ಟಿಗೆ, ಬಿಸಿಲು ಮತ್ತು ತೇವ ಎರಡೂ ತಾಗದ ಜಾಗ, ಎರಡೂ ಬದಿಯ ಸ್ಕ್ಯಾನ್, ಅದರ ಪ್ರತಿ ಎರಡು ಬೇರೆ ಬೇರೆ ಕಡೆ. ಇಷ್ಟಾದರೆ ದೊಡ್ಡ ಅಪಾಯಗಳು ತಪ್ಪುತ್ತವೆ.

ಕಷ್ಟ ಶುರುವಾಗುವುದು ಅಚ್ಚಿಗೆ ಕೊಡುವಾಗ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ 1886ರಲ್ಲಿ ತೀರಿಕೊಂಡ ಮೇಲೆ ತಂಗಿ ಲವಿನಿಯಾ ಅಕ್ಕನಿಗೆ ಬಂದ ಪತ್ರಗಳನ್ನು, ಅಕ್ಕನ ಇಚ್ಛೆಯಂತೆ, ಸುಟ್ಟಳು. ಕವಿತೆಗಳ ರಾಶಿ ಸಿಕ್ಕಾಗ ಅದನ್ನು ಅಚ್ಚಿಗೆ ತಂದೇ ತೀರಬೇಕೆಂದು ಹಟ ಹಿಡಿದಳು. ಆ ಹಟವಿಲ್ಲದಿದ್ದರೆ ನಮಗೆ ಆ ಕವಿ ದಕ್ಕುತ್ತಿರಲಿಲ್ಲ. ಆದರೆ 1890ರ ಮೊದಲ ಸಂಕಲನದ ಸಂಪಾದಕರಾದ ಟಾಡ್ ಮತ್ತು ಹಿಗಿನ್ಸನ್ ಆಕೆ ಸಾಲುಗಳ ನಡುವೆ ಹಾಕಿದ್ದ ಅಡ್ಡಗೆರೆಗಳನ್ನು (ಡ್ಯಾಶ್) ತೆಗೆದರು, ಪ್ರಾಸ ನಯಗೊಳಿಸಿದರು, ಶೀರ್ಷಿಕೆ ಕೊಟ್ಟರು. ಕವಿ ಬರೆದಂತೆಯೇ ಓದುವ ಸಮಗ್ರ ಆವೃತ್ತಿ ಬಂದದ್ದು 1955ರಲ್ಲಿ, ಥಾಮಸ್ ಜಾನ್ಸನ್ ಅವರಿಂದ. ಅದು ಸಾಧ್ಯವಾದದ್ದು ಹಸ್ತಪ್ರತಿಗಳು ಉಳಿದಿದ್ದರಿಂದ.

ನಮ್ಮಲ್ಲಿ ಬೇಂದ್ರೆಯವರ ಸಮಗ್ರ ಕಾವ್ಯವನ್ನು ‘ಔದುಂಬರ ಗಾಥೆ’ಯಾಗಿ ಸಂಪುಟಗಳಲ್ಲಿ ಕೊಟ್ಟವರು ಮಗ ವಾಮನ ಬೇಂದ್ರೆ. ಆಡುಮಾತಿನ ಲಯದಲ್ಲಿ ಬರೆದ ಕವಿಯ ಪುಸ್ತಕ ಅಚ್ಚಿಗೆ ಹೋಗುವಾಗ ಆ ಕಿವಿ ಇರುವವರೊಬ್ಬರು ಕರಡಿನ ಮೇಲೆ ಕಾವಲಿರಲೇಬೇಕು. ಕಾವಲಿಲ್ಲದಿದ್ದರೆ ಆಗುವುದು ಇದು: ‘ಇರತದ’ ಎಂಬುದನ್ನು ಕರಡು ತಿದ್ದುವವರು ತಪ್ಪೆಂದು ತಿಳಿದು ‘ಇರುತ್ತದೆ’ ಮಾಡುತ್ತಾರೆ. ಮೊದಲನೆಯದು ನಾಲ್ಕು ಮಾತ್ರೆ, ಎರಡನೆಯದು ಐದು. ಸಾಲು ಕುಂಟುತ್ತದೆ, ಓದುಗ ಕವಿಗೆ ಲಯ ಗೊತ್ತಿಲ್ಲವೆಂದು ಭಾವಿಸುತ್ತಾನೆ.

ಒಂದೇ ಕವಿತೆಗೆ ಮೂರು ನಾಲ್ಕು ಕರಡುಗಳಿದ್ದಾಗ ಬರುವ ಆಸೆ ಇದಕ್ಕಿಂತ ಅಪಾಯಕಾರಿ. ಎರಡನೆಯದರ ಆರಂಭ ಚೆನ್ನಾಗಿದೆ, ಕೊನೆಯದರ ಮುಕ್ತಾಯ ಚೆನ್ನಾಗಿದೆ, ಸೇರಿಸಿದರೆ ಹೇಗೆ? ಸೇರಿಸಿದರೆ ಕವಿ ಬರೆಯದ ಕವಿತೆಯೊಂದು ಅವರ ಹೆಸರಿನಲ್ಲಿ ಹುಟ್ಟುತ್ತದೆ. ಕವಿ ತಾವೇ ಪ್ರಕಟಿಸಿದ ಕೊನೆಯ ರೂಪವನ್ನು ಪಠ್ಯವಾಗಿಟ್ಟು, ಉಳಿದ ರೂಪಗಳನ್ನು ಅಡಿಟಿಪ್ಪಣಿಗೆ ಹಾಕುವುದು ನಾನು ಪಾಲಿಸುವ ಕ್ರಮ. ಪ್ರಕಟವಾಗದ್ದಕ್ಕೆ ಪ್ರತ್ಯೇಕ ವಿಭಾಗ. ಓದಲಾಗದ ಪದಕ್ಕೆ ಊಹೆಯ ಪದ ತುಂಬದೆ ಚೌಕ ಕಂಸದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕವಿ ಬರೆದದ್ದು ಯಾವುದು, ಮನೆಯವರು ತೀರ್ಮಾನಿಸಿದ್ದು ಯಾವುದು ಎಂಬುದು ಪ್ರತಿ ಪುಟದಲ್ಲೂ ಓದುಗನಿಗೆ ಕಾಣಬೇಕು.

ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ ತೀರಿಕೊಂಡ ಮೇಲೆ ಅವರ ಸಂಕಲನ ‘ಏರಿಯಲ್’ 1965ರಲ್ಲಿ ಬಂದಾಗ ಪತಿ ಟೆಡ್ ಹ್ಯೂಸ್ ಕೆಲವು ಕವಿತೆಗಳನ್ನು ಬಿಟ್ಟು, ಬೇರೆ ಕೆಲವನ್ನು ಸೇರಿಸಿ, ಕ್ರಮ ಬದಲಿಸಿದ್ದರು. ಆದರೆ ಕವಿಯ ಮೂಲ ಕ್ರಮವನ್ನು 1981ರ ಸಮಗ್ರ ಕವಿತೆಗಳ ಟಿಪ್ಪಣಿಯಲ್ಲಿ ಅವರೇ ಕೊಟ್ಟರು. 2004ರಲ್ಲಿ ಮಗಳು ಫ್ರೀಡಾ ಅವರ ಮುನ್ನುಡಿಯೊಂದಿಗೆ ಮೂಲ ರೂಪದ ಆವೃತ್ತಿ ಬಂತು. ಇದೇ ಹ್ಯೂಸ್, ಮಕ್ಕಳು ಓದಬಾರದೆಂದು, ಪ್ಲಾತ್ ಅವರ ಕೊನೆಯ ದಿನಚರಿಯನ್ನು ನಾಶ ಮಾಡಿದ್ದಾಗಿ ಬರೆದರು. ಅದಕ್ಕೆ ಮರಳುವ ದಾರಿಯಿಲ್ಲ. ತಂದೆಯ ಮನಸ್ಸಿನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಸುಡುವುದಕ್ಕಿಂತ ಮೊಹರು ಮಾಡಿಡುವುದು ಮೇಲು. ಇಂತಿಷ್ಟು ವರ್ಷ ತೆರೆಯಬಾರದೆಂಬ ಲಿಖಿತ ಷರತ್ತಿನೊಂದಿಗೆ ಗ್ರಂಥಾಲಯಕ್ಕೆ ಒಪ್ಪಿಸಬಹುದು. ಬದುಕಿರುವವರ ಮಾನವೂ ಉಳಿಯುತ್ತದೆ, ಹಾಳೆಯೂ ಉಳಿಯುತ್ತದೆ.

ಹಕ್ಕುಸ್ವಾಮ್ಯದ ವಿಷಯದಲ್ಲಿ ಮನೆಗಳು ಒಡೆದದ್ದನ್ನು ಕಂಡಿದ್ದೇನೆ. ನೋಟ್‌ಬುಕ್ ಯಾರ ಕಪಾಟಿನಲ್ಲಿದೆಯೋ ಹಕ್ಕು ಅವರದ್ದೇ ಎಂದು ಭಾವಿಸಬೇಡಿ. ಭಾರತದ ಕಾನೂನಿನಲ್ಲಿ ಹಕ್ಕು ಕವಿಯ ಮರಣದ ಮುಂದಿನ ಜನವರಿಯಿಂದ 60 ವರ್ಷ ವಾರಸುದಾರರಲ್ಲಿರುತ್ತದೆ. ಮರಣದ ನಂತರ ಮೊದಲ ಬಾರಿ ಪ್ರಕಟವಾದ ಕೃತಿಗೆ 60 ವರ್ಷದ ಎಣಿಕೆ ಪ್ರಕಟಣೆಯ ಮುಂದಿನ ವರ್ಷದಿಂದ. ಗೆಳೆಯರಿಗೆ ಬರೆದ ಪತ್ರದ ಕಾಗದ ಆ ಗೆಳೆಯರದ್ದು, ಅಚ್ಚು ಹಾಕಿಸುವ ಹಕ್ಕು ಕವಿಯ ವಾರಸುದಾರರದ್ದು. ಅಪ್ರಕಟಿತ ಹಸ್ತಪ್ರತಿಯನ್ನು ಉಯಿಲಿನಲ್ಲಿ ಒಬ್ಬರಿಗೆ ಬಿಟ್ಟುಕೊಟ್ಟಿದ್ದರೆ, ಬೇರೆ ಇಚ್ಛೆ ಕಾಣದ ಹೊರತು, ಹಕ್ಕೂ ಅವರಿಗೇ ಸೇರುತ್ತದೆ. ಪ್ರಕಾಶಕರ ಬಳಿ ಹೋಗುವ ಮೊದಲು ಎಲ್ಲ ವಾರಸುದಾರರ ಒಪ್ಪಿಗೆ ಬರಹದಲ್ಲಿರಲಿ.

ನಿಮ್ಮ ಮನೆಯ ಕವಿ ಇನ್ನೂ ನಮ್ಮೊಂದಿಗಿದ್ದರೆ ಅರ್ಧ ಕೆಲಸ ಈಗಲೇ ಆಗಬಲ್ಲದು. ಹಳೆಯ ನೋಟ್‌ಬುಕ್ ಎದುರಿಗಿಟ್ಟು ಅವರಿಂದಲೇ ಓದಿಸಿ, ಧ್ವನಿಮುದ್ರಿಸಿಕೊಳ್ಳಿ. ಈ ಪದ ಏನು, ಈ ಸಾಲು ಹೊಡೆದುಹಾಕಿದ್ದೋ ಉಳಿಸಿಕೊಂಡದ್ದೋ, ಈ ಕವಿತೆ ಅಚ್ಚಾಗಬೇಕೋ ಬೇಡವೋ ಎಂದು ನೇರವಾಗಿ ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.