ಗ್ರಿಲ್ ಕೊಳ್ಳುವ ಮೊದಲು ಜಾಲರಿ ಎತ್ತಿ ನೋಡಿ

ಕಳೆದ ಬೇಸಿಗೆಯಲ್ಲಿ ಟೆಕ್ಸಸ್‌ನ ಕಡಲತಡಿಯ ಊರಾದ ಗ್ಯಾಲ್ವೆಸ್ಟನ್ ಕಡೆಯ ಒಂದು ಮನೆಯ ಹಿತ್ತಲಲ್ಲಿ, ಮಾಂಸ ತರಕಾರಿ ಸುಡಲು ಪ್ರೊಪೇನ್ ಅನಿಲದಿಂದ ಉರಿಯುವ ಐದು ಬರ್ನರಿನ ಗ್ರಿಲ್ ಒಂದನ್ನು ದುರಸ್ತಿಗೆಂದು ಬಿಚ್ಚಿದೆ. ಅದನ್ನು ಕೊಂಡು ಮೂರನೆಯ ವರ್ಷ ನಡೆಯುತ್ತಿತ್ತು. ಮನೆಯವರು ವಾರವಾರವೂ ಒರೆಸಿಟ್ಟಿದ್ದ ಮುಚ್ಚಳ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಸುಡುವ ಪದಾರ್ಥ ಇಡುವ ಜಾಲರಿಯನ್ನು ಎತ್ತಿ, ಅದರ ಕೆಳಗಿನ ಶಾಖ ಹರಡುವ ತಗಡುಗಳನ್ನು ತೆಗೆದಿಟ್ಟಾಗ, ನಡುವಿನ ಎರಡು ಬರ್ನರ್ ಕೊಳವೆಗಳಲ್ಲಿ ಸಾಲಾಗಿ ಇರಬೇಕಾದ ಸಣ್ಣ ರಂಧ್ರಗಳು ತುಕ್ಕು ಹಿಡಿದು ಒಂದಕ್ಕೊಂದು ಕೂಡಿಕೊಂಡು, ಕಿರುಬೆರಳು ತೂರುವಷ್ಟು ಅಗಲದ ಸೀಳಾಗಿದ್ದವು. ಹೊತ್ತಿಸಿದರೆ ಆ ಸೀಳಿನಿಂದ ಹಳದಿ ಉರಿ ಗೇಣುದ್ದ ಏಳುತ್ತಿತ್ತು. ಅದೇ ಕೊಳವೆಯ ಇನ್ನೊಂದು ತುದಿಯಲ್ಲಿ ಉರಿಯೇ ಇರಲಿಲ್ಲ.

ಗ್ಯಾಸ್ ಉಪಕರಣಗಳ ದುರಸ್ತಿಯಲ್ಲಿ ನಾನು ಮತ್ತೆ ಮತ್ತೆ ಕಾಣುವ ದೃಶ್ಯವಿದು. ಗ್ರಿಲ್ಲಿನ ಆಯುಸ್ಸು ತೀರ್ಮಾನವಾಗುವುದು ಬರ್ನರಿನಲ್ಲಿ ಮತ್ತು ಅದನ್ನು ಹೊತ್ತಿರುವ ಉರಿಪೆಟ್ಟಿಗೆಯಲ್ಲಿ. ಅಂಗಡಿಯಲ್ಲಿ ನಮ್ಮ ಕಣ್ಣು ಹೋಗುವುದು ಮಾತ್ರ ಮುಚ್ಚಳ, ತಿರುಪು ಗುಂಡಿಗಳು ಮತ್ತು ಬದಿಯ ಒಲೆಯ ಕಡೆಗೆ.

ಬರ್ನರ್ ಏಕೆ ಮೊದಲು ಸಾಯುತ್ತದೆ ಎಂದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದಾಗ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಹೊತ್ತಿಸಿದ ಮೊದಲ ನಿಮಿಷಗಳಲ್ಲಿ, ಲೋಹ ಇನ್ನೂ ತಣ್ಣಗಿರುವಾಗ, ಈ ಆವಿ ಅಲ್ಲಲ್ಲಿ ಹನಿಯಾಗಿ ಕೂರುತ್ತದೆ. ಅದಕ್ಕೆ ಮೇಲಿನಿಂದ ಸುರಿಯುವ ಎಣ್ಣೆ, ಮೊಸರು, ನಿಂಬೆರಸ, ಉಪ್ಪು ಸೇರುತ್ತವೆ. ಮಸಾಲೆಯಲ್ಲಿ ರಾತ್ರಿಯಿಡೀ ನೆನೆಸಿದ ಕೋಳಿ, ಪನೀರನ್ನು ಸುಡುವ ನಮ್ಮವರ ಮನೆಗಳಲ್ಲಿ ಈ ಉಪ್ಪು ನೀರು ಬರ್ನರಿನ ಮೇಲೆ ಧಾರಾಳವಾಗಿಯೇ ಬೀಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನ ರಕ್ಷಾಪದರವನ್ನು ಚುಕ್ಕೆ ಚುಕ್ಕೆಯಾಗಿ ಚುಚ್ಚುತ್ತದೆ. ಕಡಲತಡಿಯ ಊರಾದರೆ ಗಾಳಿಯೇ ಉಪ್ಪನ್ನು ಹೊತ್ತು ತರುತ್ತದೆ. ಉಪ್ಪುಗಾಳಿ ಕಿಟಕಿಯ ಸರಳುಗಳನ್ನು ಏನು ಮಾಡುತ್ತದೆಂದು ಉಡುಪಿ, ಮಂಗಳೂರಿನ ಕಡೆಯಿಂದ ಬಂದವರಿಗೆ ಹೇಳಿಕೊಡಬೇಕಾಗಿಲ್ಲ.

ಸ್ಟೇನ್‌ಲೆಸ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಲೋಹಗಳಿವೆ. 304 ಎಂಬ ದರ್ಜೆಯಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತವೆ. ಅಗ್ಗದ ಗ್ರಿಲ್ಲುಗಳಲ್ಲಿ ಹೆಚ್ಚಾಗಿ ಬಳಸುವ 430 ದರ್ಜೆಯಲ್ಲಿ ಕ್ರೋಮಿಯಂ ಹೆಚ್ಚುಕಡಿಮೆ ಅಷ್ಟೇ ಇದ್ದರೂ ನಿಕಲ್ ಇಲ್ಲವೆಂದೇ ಹೇಳಬೇಕು, ಆದ್ದರಿಂದ ತೇವ ಮತ್ತು ಉಪ್ಪಿನ ಮುಂದೆ ಅದು ಬೇಗ ಸೋಲುತ್ತದೆ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಅಂಗಡಿಗೆ ಹೋಗಿ. 430ಕ್ಕೆ ಅದು ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ. ಬಗ್ಗಿಸಿದ ಅಂಚುಗಳಲ್ಲಿ 304 ಕೂಡ ತುಸು ಸೆಳೆಯಬಹುದಾದ್ದರಿಂದ ಸಮತಟ್ಟಾದ ಭಾಗದಲ್ಲಿ ಪರೀಕ್ಷಿಸಿ. ಮಾರಾಟಗಾರರ ಅನುಮತಿ ಪಡೆದು ಜಾಲರಿ ಎತ್ತಿ, ಬರ್ನರಿಗೂ ಇದೇ ಪರೀಕ್ಷೆ ಮಾಡಿ, ಕೊಳವೆಯ ಗೋಡೆಯ ದಪ್ಪವನ್ನು ಬೆರಳಿನಿಂದ ಒತ್ತಿ ಅಂದಾಜಿಸಿ. ತಗಡನ್ನು ಮಡಚಿ ಅಂಚು ಕಚ್ಚಿಸಿದ ಬರ್ನರಿಗಿಂತ ಬೆಸುಗೆ ಹಾಕಿದ ದಪ್ಪ ಕೊಳವೆ ಹೆಚ್ಚು ಬಾಳುತ್ತದೆ. ಕಚ್ಚಿಸಿದ ಸಂದಿಯೇ ಮೊದಲು ಬಾಯಿಬಿಡುವ ಜಾಗ.

ಉರಿಪೆಟ್ಟಿಗೆಯ ವಿಷಯದಲ್ಲಿ ನನ್ನ ಒಲವು ಎರಕದ ಅಲ್ಯೂಮಿನಿಯಂ ಕಡೆಗೆ. ಅದಕ್ಕೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ದಪ್ಪವಾಗಿರುವುದರಿಂದ ಶಾಖವನ್ನೂ ಸಮವಾಗಿ ಹಿಡಿದಿಡುತ್ತದೆ. ಬಣ್ಣ ಬಳಿದ ತೆಳು ಉಕ್ಕಿನ ಪೆಟ್ಟಿಗೆಯಾದರೆ ಜಿಡ್ಡು ಹರಿಯುವ ತಳದಲ್ಲಿ ಬಣ್ಣ ಸುಟ್ಟುಹೋಗಿ, ಅಲ್ಲಿಂದಲೇ ತೂತು ಬೀಳಲು ಆರಂಭವಾಗುತ್ತದೆ. ಬರ್ನರನ್ನು ಬದಲಿಸಬಹುದು, ತಳ ತೂತಾದ ಪೆಟ್ಟಿಗೆಗೆ ನಾನು ಮಾಡಬಹುದಾದದ್ದು ಏನೂ ಇಲ್ಲ. ಜಾಲರಿಗೆ ದಪ್ಪ ಸ್ಟೇನ್‌ಲೆಸ್ ಸರಳುಗಳಿದ್ದರೆ ಸಾಕು. ಎನಾಮಲ್ ಲೇಪಿಸಿದ ಎರಕದ ಕಬ್ಬಿಣ ಚೆನ್ನಾಗಿ ಸುಡುತ್ತದೆ, ಆದರೆ ಲೇಪ ಎಲ್ಲಿ ಚಕ್ಕೆ ಎದ್ದಿತೋ ಅಲ್ಲಿ ತುಕ್ಕು ಹಿಡಿಯುತ್ತದೆ.

ಗ್ರಿಲ್ಲು ಬರುವ ರಟ್ಟಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ) ಸಂಖ್ಯೆ ಗ್ರಿಲ್ಲಿನ ಸಾಮರ್ಥ್ಯದ ಅಳತೆಯಂತೆ ಕಂಡರೂ ಅದು ಗಂಟೆಗೆ ಎಷ್ಟು ಅನಿಲ ಉರಿಯುತ್ತದೆ ಎಂಬುದರ ಲೆಕ್ಕ. ಬದಿಯ ಒಲೆಯನ್ನು ಬಿಟ್ಟು, ಮುಖ್ಯ ಬರ್ನರುಗಳ ಬಿಟಿಯುವನ್ನು ಅಡುಗೆಯ ಜಾಗದ ಚದರ ಇಂಚುಗಳಿಂದ ಭಾಗಿಸಿ. 80ರಿಂದ 100ರ ನಡುವೆ ಬಂದರೆ ಸಾಕು. 450 ಚದರ ಇಂಚಿಗೆ 36,000 ಬಿಟಿಯು ಇರುವ, ಭಾರವಾದ, ಮುಚ್ಚಳ ಬಿಗಿಯಾಗಿ ಕೂರುವ ಗ್ರಿಲ್ಲು, 60,000 ಬಿಟಿಯುವಿನ ತೆಳು ಪೆಟ್ಟಿಗೆಗಿಂತ ಚೆನ್ನಾಗಿ ಜೋಳದ ತೆನೆ ಸುಡುತ್ತದೆ, ಬದನೆಕಾಯಿ ಗೊಜ್ಜಿಗೆ ಬೇಕಾದ ಹೊಗೆಯ ವಾಸನೆಯನ್ನೂ ಕೊಡುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾದ 20 ಪೌಂಡಿನ, ಅಂದರೆ ಸುಮಾರು 9 ಕಿಲೋ ಅನಿಲದ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ 4,30,000 ಬಿಟಿಯು ಇರುವುದರಿಂದ, ಅಂಥ ಗ್ರಿಲ್ಲು ಪೂರ್ಣ ಉರಿಯಲ್ಲಿ ಸುಮಾರು ಹನ್ನೆರಡು ಗಂಟೆ ನಡೆಯುತ್ತದೆ.

ಹೊಸ ಗ್ರಿಲ್ಲಿನ ಉರಿ ಏಳುವುದೇ ಇಲ್ಲವೆಂದು ಬರುವ ಕರೆಗಳಲ್ಲಿ ಅನೇಕ ಸಲ ಗ್ರಿಲ್ಲಿನ ತಪ್ಪೇನೂ ಇರುವುದಿಲ್ಲ. ಗುಂಡಿಯನ್ನು ಮೊದಲೇ ತಿರುಗಿಸಿ, ಸಿಲಿಂಡರಿನ ಕವಾಟವನ್ನು ಒಮ್ಮೆಲೇ ತೆರೆದರೆ, ಅನಿಲ ಸೋರುತ್ತಿದೆಯೆಂದು ಬಗೆದು ಒಳಗಿನ ಸುರಕ್ಷಾ ಸಾಧನ ಹರಿವನ್ನು ತಡೆಯುತ್ತದೆ. ಎಲ್ಲವನ್ನೂ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ ಒಂದೆರಡು ನಿಮಿಷ ಬಿಟ್ಟು ಮತ್ತೆ ಜೋಡಿಸಿ, ಕವಾಟವನ್ನು ನಿಧಾನವಾಗಿ ತೆರೆದರೆ ಸರಿಹೋಗುತ್ತದೆ. ಬಹುಕಾಲ ಬಳಸದೆ ಇಟ್ಟ ಗ್ರಿಲ್ಲಾದರೆ, ಬರ್ನರಿನ ಗಾಳಿ ಸೇರುವ ಬಾಯಿಯಲ್ಲಿ ಜೇಡ ಗೂಡು ಕಟ್ಟಿದೆಯೇ ನೋಡಲೇಬೇಕು. ಗೂಡಿದ್ದರೆ ಉರಿ ಹಿಮ್ಮುಖವಾಗಿ ಗುಂಡಿಗಳ ಕಡೆಗೆ ನುಗ್ಗಬಹುದು, ಅದು ಅಪಾಯ.

ಆ ಗ್ಯಾಲ್ವೆಸ್ಟನ್ ಮನೆಯವರ ಗ್ರಿಲ್ಲಿಗೆ ಹೊಸ ಬರ್ನರುಗಳು ಸಿಗಲಿಲ್ಲ, ಏಕೆಂದರೆ ಆ ಮಾದರಿಯ ತಯಾರಿಕೆ ನಿಂತು ಹೋಗಿತ್ತು. ಆದ್ದರಿಂದ ಹಣ ಕೊಡುವ ಮುನ್ನ ಮಾದರಿಯ ಸಂಖ್ಯೆ ಬರೆದುಕೊಂಡು, ಬರ್ನರ್ ಕೊಳವೆ, ಶಾಖದ ತಗಡು ಮತ್ತು ರೆಗ್ಯುಲೇಟರ್ ಬಿಡಿಯಾಗಿ ಸಿಗುತ್ತವೆಯೇ, ವಾರಂಟಿಯಲ್ಲಿ ಬರ್ನರಿಗೆ ಪ್ರತ್ಯೇಕವಾಗಿ ಎಷ್ಟು ವರ್ಷ ಬರೆದಿದೆ ಎಂದು ಕೇಳಿ. ಈಗ ಅವರಲ್ಲಿರುವುದು ಮೂರು ಬರ್ನರಿನ, ಎರಕದ ಪೆಟ್ಟಿಗೆಯ ಗ್ರಿಲ್ಲು. ಅಡುಗೆ ಮುಗಿದ ಮೇಲೆ ಹತ್ತು ನಿಮಿಷ ಜೋರು ಉರಿಯಲ್ಲಿ ಒಳಭಾಗವನ್ನು ಒಣಗಿಸುತ್ತಾರೆ, ಪೂರ್ತಿ ತಣ್ಣಗಾದ ಮೇಲಷ್ಟೇ ಹೊದಿಕೆ ಹಾಕುತ್ತಾರೆ.